ಅನೇಕ ಲೋಕಗಳು ಮತ್ತು ಒಬ್ಬನೇ ಸೃಷ್ಟಿಕರ್ತನು: ಮಾರ್ಮನ್ ಬೋಧನೆಯ ಒಂದು ವಿಮರ್ಶೆ

ಜನವಾಡಿಕೆಯಲ್ಲಿ ಮಾರ್ಮನ್ನರೆನಿಸಿಕೊಂಡಿರುವ ಕಡೇ ದಿನಗಳ ಸಂತರ ಸಭೆಯವರು ಭಾರತದಲ್ಲಿ ತಮ್ಮ ಮೊದಲನೆಯ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. 2020ರ ಡಿಸೆಂಬರ್‌ನಲ್ಲಿ ಅದಕ್ಕಾಗಿ ವಿಧಿಪೂರ್ವಕವಾಗಿ ನೆಲ ಅಗೆಯಲಾಯಿತು. ಇನ್ನು ಮುಂದೆ ಈ ಸಭೆಯ ಬೋಧನೆಗಳು ನಮ್ಮ ಸಭಾಪಾಲಕರಿಗೆ ದೂರದ ಅಮೆರಿಕದ ಸಂಗತಿಗಳಾಗಿ ಉಳಿಯಲಾರವು. ಆ ಬೋಧನೆಗಳಲ್ಲಿ ಅನ್ಯಗ್ರಹಗಳ ನಿವಾಸಿಗಳನ್ನು ಕುರಿತ ಮಾತು ಎಲ್ಲಕ್ಕಿಂತ ಬೇಗ ನಗೆಗೆ ಗುರಿಯಾಗುತ್ತದೆ. ಆ ನಗೆ ಎಷ್ಟರಮಟ್ಟಿಗೆ ನ್ಯಾಯವಾದದ್ದು, ನಿಜವಾದ ಭಿನ್ನಮತ ಇರುವುದು ಎಲ್ಲಿ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಅವರು ಕಲಿಸುವುದನ್ನು ಅವರ ಗ್ರಂಥಗಳಿಂದಲೇ ತಿಳಿಯಬೇಕು. ಜೋಸೆಫ್ ಸ್ಮಿತ್ 1830ರಲ್ಲಿ ಬರೆಯಿಸಿದ 'ಮೋಶೆಯ ಗ್ರಂಥ'ದ ಮೊದಲನೆಯ ಅಧ್ಯಾಯವು ದೇವರು ಎಣಿಕೆಗೆ ಸಿಕ್ಕದಷ್ಟು ಲೋಕಗಳನ್ನು ತನ್ನ ಏಕಪುತ್ರನ ಮೂಲಕ ಉಂಟುಮಾಡಿದನೆಂದು ಹೇಳುತ್ತದೆ. 1832ರ ಒಂದು 'ಪ್ರಕಟನೆ'ಯ ಪ್ರಕಾರ ಆ ಲೋಕಗಳ ನಿವಾಸಿಗಳೂ ದೇವರ ಪುತ್ರಪುತ್ರಿಯರು. 1842ರಲ್ಲಿ ಅಚ್ಚಾದ 'ಅಬ್ರಹಾಮನ ಗ್ರಂಥ'ವು ದೇವರ ಸಿಂಹಾಸನಕ್ಕೆ ಅತಿ ಸಮೀಪದಲ್ಲಿರುವ ಕೋಲೋಬ್ ಎಂಬ ನಕ್ಷತ್ರವನ್ನು ಹೆಸರಿಸುತ್ತದೆ. 1843ರ ಬೋಧನೆಯಲ್ಲಿ ತಂದೆಯಾದ ದೇವರಿಗೆ ಮಾಂಸ ಮತ್ತು ಎಲುಬುಗಳುಳ್ಳ ದೇಹವಿದೆಯೆಂಬ ಮಾತು ಬರುತ್ತದೆ. 1844ರ ಏಪ್ರಿಲ್ 7ರಂದು ನಾವೂ ಪಟ್ಟಣದಲ್ಲಿ ಮಾಡಿದ ಪ್ರಸಂಗದಲ್ಲಿ ಸ್ಮಿತ್, ದೇವರು ಒಂದಾನೊಂದು ಕಾಲದಲ್ಲಿ ನಮ್ಮಂತೆ ಮನುಷ್ಯನಾಗಿದ್ದನೆಂದು ಸಾರಿದನು. ಈ ಪ್ರಸಂಗವು ಅವರ ಅಂಗೀಕೃತ ಗ್ರಂಥಗಳಲ್ಲಿ ಸೇರಿಲ್ಲವೆಂಬುದನ್ನು ವಿಮರ್ಶಕನು ಮರೆಯಬಾರದು. ಆದರೂ ಅದರ ಪ್ರಭಾವ ಅವರ ದೈವಶಾಸ್ತ್ರದಿಂದ ಅಳಿದಿಲ್ಲ.

ಅನೇಕ ಲೋಕಗಳಲ್ಲಿ ವಾಸಿಗಳಿದ್ದಾರೆಂಬ ಕಲ್ಪನೆ ಸ್ಮಿತ್‌ನ ಸ್ವಂತದ್ದಲ್ಲ. ಅದು ಆ ಕಾಲದ ವಿದ್ಯಾವಂತರ ಸಾಮಾನ್ಯ ನಂಬಿಕೆಯಾಗಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್ 1795ರಲ್ಲಿ ಸೂರ್ಯನಲ್ಲಿಯೂ ನಿವಾಸಿಗಳಿರಬಹುದೆಂದು ಬರೆದನು. ಅಷ್ಟು ಲೋಕಗಳಿರುವಾಗ ಈ ಒಂದು ಚಿಕ್ಕ ಲೋಕದಲ್ಲಿ ದೇವರು ಸತ್ತನೆಂಬ ಕಥೆ ನಿಲ್ಲಲಾರದೆಂದು ಥಾಮಸ್ ಪೇನ್ 1794ರಲ್ಲಿ ವಾದಿಸಿದಾಗ, ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ ಲೋಕಗಳ ಬಹುತ್ವವನ್ನು ಅಲ್ಲಗಳೆಯಲಿಲ್ಲ. ಅದನ್ನು ಒಪ್ಪಿಕೊಂಡೇ ಸುವಾರ್ತೆಯನ್ನು ಸಮರ್ಥಿಸಿದನು. 1817ರಲ್ಲಿ ಪ್ರಕಟವಾದ ಅವನ ಪ್ರಸಂಗಗಳು ಬಹು ಜನಪ್ರಿಯವಾದವು. ಆದ್ದರಿಂದ 1870ರಲ್ಲಿ ಬ್ರಿಗಮ್ ಯಂಗ್ ಸೂರ್ಯನಲ್ಲಿ ಜನರಿದ್ದಾರೆಂದದ್ದನ್ನು ಎತ್ತಿ ತೋರಿಸಿ ನಗುವವರು ಹರ್ಷಲ್‌ನನ್ನೂ ನೋಡಿ ನಗಬೇಕಾಗುತ್ತದೆ. ಯಂಗ್ ಪ್ರವಾದಿಯೆನಿಸಿಕೊಂಡವನಾದ್ದರಿಂದ ಅವನ ತಪ್ಪು ಹೆಚ್ಚು ಭಾರವಾದದ್ದೆಂದು ವಾದಿಸಬಹುದು. ಆ ವಾದದಲ್ಲಿ ಬಲವಿದೆ. ಆದರೆ ಚಂದ್ರನಲ್ಲಿ ಕ್ವೇಕರರಂತೆ ಉಡುಪು ಧರಿಸಿದ ಜನರಿದ್ದಾರೆಂದು ಸ್ಮಿತ್ ಹೇಳಿದನೆಂಬ ಕಥೆ ಅವನು ಸತ್ತು ದಶಕಗಳಾದ ಮೇಲೆ ಬೇರೊಬ್ಬನು ಬರೆದಿಟ್ಟ ನೆನಪು. ಅಂಥದ್ದನ್ನು ನಮ್ಮ ಕರಪತ್ರಗಳಿಂದ ತೆಗೆದುಹಾಕುವುದು ಸತ್ಯಕ್ಕೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

ಖಗೋಳವಿಜ್ಞಾನವನ್ನು ಪರಮತ ಖಂಡನೆಗೆ ಬಳಸಿದ ಇತಿಹಾಸ ನಮಗೇ ಇದೆ. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಮೇರುಪರ್ವತ, ಸಪ್ತಸಮುದ್ರಗಳ ಪೌರಾಣಿಕ ಭೂಗೋಳವನ್ನು ಕೊಪರ್ನಿಕಸ್‌ನ ಮತದಿಂದ ಕೆಡವಿದರೆ ಪುರಾಣಗಳ ದೇವರುಗಳೂ ಅದರೊಡನೆ ಬೀಳುವರೆಂದು ನಂಬಿದ್ದರು. 1829ರ ಚಂದ್ರಗ್ರಹಣದ ಕಾಲಗಣನೆಯನ್ನು ಕುರಿತು ಜಾಫ್ನಾದಲ್ಲಿ ಅಮೆರಿಕನ್ ಮಿಷನರಿಗಳಿಗೂ ಅಲ್ಲಿಯ ಪಂಚಾಂಗಕಾರರಿಗೂ ನಡೆದ ವಾದ ಪ್ರಸಿದ್ಧವಾಗಿದೆ. ಗಣಿತ ಗೆದ್ದಿತು, ಪುರಾಣಗಳ ದೇವರುಗಳು ಬೀಳಲಿಲ್ಲ. ಮುಂದೆ ಅದೇ ಶತಮಾನದಲ್ಲಿ ಭೂಗರ್ಭಶಾಸ್ತ್ರವನ್ನು ಹಿಡಿದು ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಪ್ರಶ್ನಿಸಿದವರು ಅದೇ ಆಯುಧವನ್ನು ನಮ್ಮ ಕಡೆಗೆ ತಿರುಗಿಸಿದರು. ನೆರೆಯವನ ಗ್ರಂಥವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೋ ಅದೇ ಅಳತೆಗೋಲನ್ನು ನಮ್ಮ ಗ್ರಂಥದ ಬಳಿಗೂ ತರಬೇಕಾಗುತ್ತದೆ.

ಹಾಗಾದರೆ ವಿಜ್ಞಾನವು ಈಗ ಹೇಳುವುದೇನು? 1995ರಲ್ಲಿ ಮೇಯರ್ ಮತ್ತು ಕೆಲೋಜ್ ಎಂಬವರು ಸೂರ್ಯನಂಥ ಮತ್ತೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ಕಂಡರು. ಈಗ ಅಂಥ ಗ್ರಹಗಳು 5,000ಕ್ಕಿಂತ ಹೆಚ್ಚು ಗೊತ್ತಾಗಿವೆ. ಇದು ಸ್ಮಿತ್‌ನ ಮಾತನ್ನು ಸ್ಥಿರಪಡಿಸುತ್ತದೆಂದು ಅವರ ಪರವಾಗಿ ವಾದಿಸುವವರಿದ್ದಾರೆ. ಆದರೆ ಗ್ರಹಗಳಿರುವುದು ಬೇರೆ, ಅವುಗಳಲ್ಲಿ ವಾಸಿಗಳಿರುವುದು ಬೇರೆ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ವಾತಾವರಣದಲ್ಲಿ ಜೀವಿಗಳ ಗುರುತಾಗಿರಬಹುದಾದ ಡೈಮಿಥೈಲ್ ಸಲ್ಫೈಡಿನ ಸುಳಿವು ಕಂಡಿತೆಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದರು. ಅದೇ ದತ್ತಾಂಶವನ್ನು ಪರೀಕ್ಷಿಸಿದ ಇತರರು ಆ ಸುಳಿವು ಸಾಲದೆಂದರು. ಭೂಮಿಯ ಹೊರಗೆ ಜೀವವಿದೆಯೆಂಬುದಕ್ಕೆ ಒಪ್ಪಿತವಾದ ಸಾಕ್ಷ್ಯ ಈವರೆಗೆ ಒಂದೂ ಇಲ್ಲ. 2023ರ ಚಂದ್ರಯಾನ-3ರ ನೋದಕ ಘಟಕದಲ್ಲಿ 'ಶೇಪ್' ಎಂಬ ಉಪಕರಣವಿತ್ತು. ಚಂದ್ರನ ಕಕ್ಷೆಯಿಂದ ಭೂಮಿಯ ಬೆಳಕನ್ನು ಅಳೆದು, ಜೀವವುಳ್ಳ ಗ್ರಹವೊಂದು ದೂರದಿಂದ ಹೇಗೆ ಕಾಣುವುದೆಂದು ತಿಳಿಯುವುದು ಅದರ ಕೆಲಸ. ಮಾದರಿಗೆ ಇರುವ ಜೀವಲೋಕ ಇಂದಿಗೂ ಇದೊಂದೇ.

ಆದರೂ ಒಂದು ಕಡೆಯಲ್ಲಿ ವಿಜ್ಞಾನವು ಈ ಬೋಧನೆಯನ್ನು ನೇರವಾಗಿಯೇ ಮುಟ್ಟುತ್ತದೆ. ಚಾಮರ್ಸನ ಅನ್ಯಲೋಕವಾಸಿಗಳು ಯಾವ ರೂಪದಲ್ಲಾದರೂ ಇರಬಹುದಾಗಿತ್ತು. ಮಾರ್ಮನ್ ಬೋಧನೆಯಲ್ಲಿ ಹಾಗಿರಲಾರದು: ದೇವರಿಗೆ ಮಾನವಾಕಾರದ ದೇಹವಿದ್ದು ಎಲ್ಲ ಲೋಕಗಳವರೂ ಅವನ ಸಂತಾನವಾಗಿದ್ದರೆ ಅವರೂ ಮನುಷ್ಯರೇ ಆಗಿರಬೇಕು. ಮಾನವದೇಹವು ಈ ಭೂಮಿಯ ಕೋಟ್ಯಂತರ ವರ್ಷಗಳ ಆಕಸ್ಮಿಕಗಳ ಮೂಲಕ, ಮೀನಿನ ರೆಕ್ಕೆಯಿಂದ ಕೈಯಾಗಿ, ರೂಪುಗೊಂಡದ್ದೆಂದು ಜೀವಶಾಸ್ತ್ರ ತೋರಿಸುತ್ತದೆ. ಬೇರೊಂದು ಲೋಕದಲ್ಲಿ ಅದೇ ಇತಿಹಾಸ ಅದೇ ಕ್ರಮದಲ್ಲಿ ನಡೆಯುವುದೆಂದು ನಂಬಲು ಆಧಾರವಿಲ್ಲ. ಇದು ಖಂಡನೆಯಲ್ಲ, ಆದರೆ ಉತ್ತರಿಸಬೇಕಾದ ಆಕ್ಷೇಪ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಆಕಾಶದಲ್ಲಿಲ್ಲ, ಪಪೈರಸ್ ಸುರುಳಿಗಳಲ್ಲಿದೆ. ಸ್ಮಿತ್ 1835ರಲ್ಲಿ ಕೊಂಡ ಐಗುಪ್ತದ ಸುರುಳಿಗಳಿಂದ ಅಬ್ರಹಾಮನ ಗ್ರಂಥವನ್ನು ಭಾಷಾಂತರಿಸಿದೆನೆಂದು ಹೇಳಿಕೊಂಡನು. 1967ರಲ್ಲಿ ಅವುಗಳ ಕೆಲವು ತುಂಡುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಿಂದ ಸಭೆಯ ಕೈಗೆ ಮರಳಿದವು. ಅವು ಸಾಮಾನ್ಯವಾದ ಶವಸಂಸ್ಕಾರದ ಬರಹಗಳು; ಅವುಗಳಲ್ಲಿ ಅಬ್ರಹಾಮನೂ ಇಲ್ಲ, ಕೋಲೋಬೂ ಇಲ್ಲ. ಉಳಿದಿರುವ ತುಂಡುಗಳು ಆ ಗ್ರಂಥಕ್ಕೆ ಹೊಂದುವುದಿಲ್ಲವೆಂದು ಆ ಸಭೆಯೇ 2014ರ ತನ್ನ ಪ್ರಬಂಧದಲ್ಲಿ ಒಪ್ಪಿಕೊಂಡಿದೆ. ಭಾಷಾಂತರವೆಂಬ ಪದಕ್ಕೆ ಬೇರೆ ಅರ್ಥಗಳನ್ನು ಹುಡುಕುತ್ತಿದೆ.

ಇಷ್ಟಾದರೂ ಮುಖ್ಯ ಭಿನ್ನಮತ ಕೋಲೋಬಿನದ್ದಲ್ಲ. ಉಡುಪಿಯ ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಂಗಡಿಸಿದರು. ಪ್ರಕೃತಿಯೂ ಜೀವರೂ ಅನಾದಿಯೆಂಬ ಅವರ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ಆದರೆ ಅವರು ಬಿಟ್ಟುಹೋದ ಈ ಎರಡು ಪದಗಳು ಇಲ್ಲಿ ಬಹಳ ಉಪಯುಕ್ತ. ಸ್ಮಿತ್ ಕಲಿಸಿದಂತೆ ಧಾತುಗಳು ನಿತ್ಯವಾದವು, ಮನುಷ್ಯನ ಚೈತನ್ಯವನ್ನು ಯಾರೂ ಸೃಷ್ಟಿಸಲಿಲ್ಲ, ದೇವರು ಇದ್ದದ್ದನ್ನು ಕ್ರಮಪಡಿಸಿದನು. ಅಂದರೆ ಅನಾದಿಯಾದ ಆ ಧಾತುಗಳು ತಮ್ಮ ಇರುವಿಕೆಗೆ ದೇವರನ್ನು ಆಶ್ರಯಿಸಿಲ್ಲ. ದೇವರೇ ಯಾವುದೋ ಲೋಕದಲ್ಲಿ, ತನಗಿಂತ ಮೊದಲೇ ಇದ್ದ ನಿಯಮಗಳ ಕೆಳಗೆ ಬೆಳೆದು ಬಂದವನು. ಅಂಥವನು ಎಷ್ಟೇ ದೊಡ್ಡವನಾದರೂ ಅಸ್ವತಂತ್ರನು. ಕೊಲೊಸ್ಸೆ 1:15-20ರಲ್ಲಿ ಪೌಲನು ಸಾರುವ ಕ್ರಿಸ್ತನು ಸಮಸ್ತಕ್ಕೂ ಮೊದಲು ಇದ್ದವನು. ಸಮಸ್ತವೂ ನೆಲೆಗೊಂಡಿರುವುದು ಅವನಲ್ಲಿ. ಲೋಕ ಒಂದಿರಲಿ, ಲಕ್ಷವಿರಲಿ, ಈ ವಾಕ್ಯ ಕದಲುವುದಿಲ್ಲ.

ಇಲ್ಲಿ ಮಹಾಸ್ಫೋಟದ ವಾದವನ್ನು ತಂದು, ವಿಶ್ವಕ್ಕೆ ಆರಂಭವಿದೆ, ಆದ್ದರಿಂದ ಧಾತು ನಿತ್ಯವಲ್ಲ ಎಂದು ಮುಗಿಸಿಬಿಡುವ ಆಸೆ ಹುಟ್ಟುತ್ತದೆ. ಆ ವಾದದ ಮೂಲಪುರುಷರಲ್ಲೊಬ್ಬನಾದ ಲೆಮೆತ್ರ್ ಸ್ವತಃ ಕಥೋಲಿಕ ಯಾಜಕನು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅದನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಎತ್ತಿಕೊಂಡಾಗ ಅವನಿಗೇ ಅದು ಹಿಡಿಸಲಿಲ್ಲ. ಶೂನ್ಯದಿಂದ ಸೃಷ್ಟಿಯೆಂಬುದು ಸಮಸ್ತವೂ ದೇವರನ್ನು ಆಶ್ರಯಿಸಿದೆಯೆಂಬ ಅರಿಕೆ. ವಿಶ್ವದ ವಯಸ್ಸಿನ ಲೆಕ್ಕವಲ್ಲ.

ವಿಮೋಚನೆಯ ವಿಷಯದಲ್ಲಿ ಮಾರ್ಮನ್ನರಿಗೆ ಸಲ್ಲಬೇಕಾದ ಮನ್ನಣೆಯೊಂದಿದೆ. ಈ ಭೂಮಿಯಲ್ಲಿ ಕ್ರಿಸ್ತನು ಮಾಡಿದ ಪ್ರಾಯಶ್ಚಿತ್ತವು ಎಲ್ಲ ಲೋಕಗಳಿಗೂ ಸಲ್ಲುತ್ತದೆಂದು ಅವರು ಕಲಿಸುತ್ತಾರೆ. 1463ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಪಂಡಿತ ವಿಲಿಯಂ ವೊರಿಲಾಂಗ್ ಕೊಟ್ಟ ಉತ್ತರವೂ ಬಹುಮಟ್ಟಿಗೆ ಇದೇ: ಬೇರೆ ಲೋಕಗಳಿದ್ದರೂ ಒಂದು ಮರಣ ಸಾಕು, ಕ್ರಿಸ್ತನು ಅಲ್ಲಿಗೆ ಹೋಗಿ ಮತ್ತೆ ಸಾಯುವುದು ಯುಕ್ತವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮ್ಯಾಸ್ಕಲ್ ಮತ್ತು ಟಿಲಿಕ್ ಬೇರೆ ಲೋಕಗಳಲ್ಲಿ ಬೇರೆ ಮನುಷ್ಯಾವತಾರಗಳ ಅಥವಾ ರಕ್ಷಣಾಕಾರ್ಯಗಳ ಸಾಧ್ಯತೆಗೆ ಬಾಗಿಲು ತೆರೆದಿಟ್ಟರು. ಈ ಒಂದು ಪ್ರಶ್ನೆಯಲ್ಲಿ ಅವರಿಬ್ಬರಿಗಿಂತ ಮಾರ್ಮನ್ನರು ಹಳೆಯ ಪಂಡಿತನಿಗೆ ಹತ್ತಿರವಾಗಿದ್ದಾರೆ.

ತುಂಗಭದ್ರೆಯ ಸೀಮೆಯಲ್ಲಿ, ಗೋವಿನಕೋವಿಯಂಥ ಊರಿಗೆ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗೆ ಇದೆಲ್ಲ ಪರದೇಶದ ಜಗಳವೆನಿಸಬಹುದು. ಆದರೆ ಅವನ ಮಾತು ಕೇಳುವವರು 'ಅನಂತಕೋಟಿ ಬ್ರಹ್ಮಾಂಡನಾಯಕ'ನೆಂಬ ಮಾತನ್ನು ಭಜನೆಗಳಲ್ಲಿ ಕೇಳುತ್ತಲೇ ಬೆಳೆದವರು. ಲೋಕಗಳು ಅನೇಕವೆಂದರೆ ಅವರಿಗೆ ಆಶ್ಚರ್ಯವಿಲ್ಲ. ಮನುಷ್ಯನು ದೇವಪದವಿಗೇರುವನೆಂದರೂ ಇಲ್ಲ. ಇದೊಂದೇ ಲೋಕವೆಂದು ಅವನು ಪಟ್ಟುಹಿಡಿದರೆ ಸತ್ಯವೇದವು ಹೇಳದ ಮಾತನ್ನು ಸುವಾರ್ತೆಗೆ ಸೇರಿಸಿದಂತಾಗುವುದು. ಅವರು ಕೇಳಬಹುದಾದ ಕಠಿಣ ಪ್ರಶ್ನೆ ಬೇರೆ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಪ್ರಕಾರ ಕರ್ತನು ದೇವದೂತರ ಸಹಾಯಕ್ಕೆ ಬರಲಿಲ್ಲ. ರಕ್ತಮಾಂಸಧಾರಿಗಳಾದವರಿಗಾಗಿ ತಾನೂ ರಕ್ತಮಾಂಸಗಳಲ್ಲಿ ಪಾಲುಗಾರನಾದನು. ಎಲ್ಲ ಲೋಕಗಳವರೂ ಮನುಷ್ಯರೇ ಎಂದಿಟ್ಟುಕೊಂಡಿರುವ ಮಾರ್ಮನ್ನರಿಗೆ ಈ ವಚನ ಅಡ್ಡಿಯಾಗುವುದಿಲ್ಲ. ನಾವು ಹಾಗೆ ಇಟ್ಟುಕೊಂಡವರಲ್ಲ. ನಮ್ಮ ರಕ್ತಮಾಂಸವಿಲ್ಲದ, ಆದರೂ ದೇವರನ್ನು ಅರಿಯಬಲ್ಲ ಜೀವಿಗಳು ಎಲ್ಲಿಯಾದರೂ ಇದ್ದರೆ ಬೇತ್ಲೆಹೇಮಿನಲ್ಲಿ ಹುಟ್ಟಿದವನು ಅವರಿಗೆ ಏನಾಗಿದ್ದಾನೆ ಎಂಬ ಪ್ರಶ್ನೆಗೆ ವೊರಿಲಾಂಗನ ಉತ್ತರ ಸಾಕೇ, ಕೊಲೊಸ್ಸೆಯ ಪತ್ರಿಕೆಯಿಂದ ಇನ್ನೂ ಮುಂದಕ್ಕೆ ಹೋಗಬೇಕೇ ಎಂಬುದು ನಮ್ಮ ತರಗತಿಗಳಲ್ಲಿ ಇನ್ನೂ ಚರ್ಚೆಯಾಗಬೇಕಾಗಿದೆ.