ಐರಣಿಯಿಂದ ಓದಿದ ವೆಲ್ಲೆಸ್ಲಿ

ಆರ್ಥರ್ ವೆಲ್ಲೆಸ್ಲಿಯ ದಂಡಯಾತ್ರೆಯ ಪತ್ರಗಳನ್ನು ಕರ್ನಲ್ ಗರ್‌ವುಡ್ 1834ರಿಂದ ಸಂಪುಟಗಳಾಗಿ ಹೊರತಂದ. ವಾಟರ್ಲೂ ಗೆದ್ದವನ ಕಾಗದಗಳೆಂದೇ ಅವಕ್ಕೆ ಬೆಲೆ. ನಮಗೆ ಬೇಕಾದದ್ದು 1800ರ ಭಾಗ. ಹರಿಹರದ ಬಳಿ ತುಂಗಭದ್ರೆ ದಾಟಿ ಧೋಂಡಿಯಾ ವಾಘನ ಬೆನ್ನು ಹತ್ತಿದ ಆ ದಾರಿಯಲ್ಲಿ ಐರಣಿ ಕೋಟೆ, ರಾಣೆಬೆನ್ನೂರು, ಸವಣೂರು, ಕುಂದಗೋಳ, ಡಂಬಳ ಎಲ್ಲ ಬರುತ್ತವೆ.

ಈ ಪತ್ರಗಳ ಹೆಚ್ಚುಗಾರಿಕೆ ಕಾಳಗದ ವರ್ಣನೆಯಲ್ಲಿಲ್ಲ, ಲೆಕ್ಕಾಚಾರದಲ್ಲಿದೆ. ಮುಂಗಾರಿಗೆ ಹೊಳೆ ಏರುವ ಮುನ್ನ ದಂಡು ದಾಟಬೇಕು, ಹರಿಗೋಲು ಸಾಲಬೇಕು, ಅಕ್ಕಿ ಹೇರಿದ ಲಂಬಾಣಿಗಳ ಎತ್ತುಗಳು ಹಿಂದುಳಿಯಬಾರದು. ಅಂದಿನ ನಮ್ಮ ಸೀಮೆಯ ದಾರಿ, ಹೊಳೆ, ಕಾಳುಕಡಿಯ ಬಗ್ಗೆ ಇಷ್ಟು ನಿಖರವಾದ ಬರಹ ಅಪರೂಪ.

ಎದುರಾಳಿಯ ಮಾತು ಬಂದೊಡನೆ ಈ ಚುರುಕು ಕಣ್ಣು ಮಂಜಾಗುತ್ತದೆ. ಚನ್ನಗಿರಿಯ ಧೋಂಡಿಯಾ ಇಲ್ಲಿ ಬರೀ ದರೋಡೆಕೋರ. ಟಿಪ್ಪುವಿನ ಸೆರೆಯಲ್ಲಿದ್ದವನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಸಂಬಳ ಕಳೆದುಕೊಂಡ ಸಿಪಾಯಿಗಳು ಅವನ ಸುತ್ತ ನೆರೆದರು. ಸಾವಿರಾರು ಜನ ಏಕೆ ಅವನ ಹಿಂದೆ ಹೋದರೆಂದು ಪತ್ರಗಳು ಕೇಳಿಕೊಳ್ಳುವುದಿಲ್ಲ. 1800ರ ಜೂನ್ 27ರಂದು ವೆಲ್ಲೆಸ್ಲಿಯ ದಂಡು ರಾಣೆಬೆನ್ನೂರಿಗೆ ಲಗ್ಗೆಯಿಟ್ಟು ಹಿಡಿದದ್ದೂ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಹಾಗೆಂದು ಊರು ಸುಲಿದ ಧೋಂಡಿಯಾನನ್ನು ಈಗ ಸ್ವಾತಂತ್ರ್ಯವೀರನ ಪೀಠಕ್ಕೆ ಏರಿಸುವ ಉತ್ಸಾಹವೂ ನನಗೆ ಒಪ್ಪಿಗೆಯಿಲ್ಲ.

ಆ ಮಂಜಿನ ಮೂಲವನ್ನು ನಾನು ಐರ್ಲೆಂಡಿನಲ್ಲಿ ಹುಡುಕುತ್ತೇನೆ. ವೆಲ್ಲೆಸ್ಲಿ 1769ರಲ್ಲಿ ಅಲ್ಲಿನ ಪ್ರಾಟೆಸ್ಟಂಟ್ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದವನು. 1798ರಲ್ಲಿ ಐರಿಷ್ ರೈತರು ಈಟಿ ಹಿಡಿದು ದಂಗೆಯೆದ್ದು ವಿನೆಗರ್ ಹಿಲ್‌ನಲ್ಲಿ ಸೋತರು. ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸುವ ಕಾಯ್ದೆಗೆ ರಾಜನ ಅಂಕಿತ ಬಿದ್ದದ್ದು 1800ರ ಆಗಸ್ಟ್ 1ರಂದು. ವೆಲ್ಲೆಸ್ಲಿ ಆಗ ನಮ್ಮ ಸೀಮೆಯಲ್ಲಿ ಧೋಂಡಿಯಾನನ್ನು ಅಟ್ಟುತ್ತಿದ್ದ. ತಿರುಗಿಬಿದ್ದವರ ಅಳಲು ಕೇಳಿಸಿಕೊಳ್ಳುವ ರೂಢಿ ಅವನ ವರ್ಗಕ್ಕೆ ತವರಿನಲ್ಲೇ ಇರಲಿಲ್ಲ. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿರುವ ಅವನ 62 ಮೀಟರ್ ಸ್ತಂಭದ ಕಂಚಿನ ಫಲಕವೊಂದು ಭಾರತದ ಯುದ್ಧಗಳಿಗೆ ಮೀಸಲು. ಇತ್ತ ಐರಣಿಯ ಕೋಟೆ ಪಾಳು.

ಒಂದು ಮಾತು ಅವನ ಪರವಾಗಿಯೂ ಹೇಳಬೇಕು. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತ ಮೇಲೆ, ಸೆರೆ ಸಿಕ್ಕ, ಅವನ ಮಗನೆನ್ನಲಾದ ಬಾಲಕ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಕೈಬಿಡಲಿಲ್ಲ. ಭಾರತ ಬಿಡುವಾಗ ಅವನ ಪಾಲನೆಗೆ ಹಣವಿಟ್ಟು ಹೋದ.

ಕಾಳಿನ ಲೆಕ್ಕಕ್ಕೆ ಈ ಪತ್ರಗಳನ್ನು ನಂಬಬಹುದು, ಧೋಂಡಿಯಾನ ವಿಚಾರಕ್ಕೆ ನಂಬಲಾಗದು. ಹಾವೇರಿ, ಧಾರವಾಡ, ಗದಗ ಸೀಮೆಯ ಭಾಗವನ್ನಾದರೂ ನಮ್ಮ ವಿಶ್ವವಿದ್ಯಾಲಯಗಳಲ್ಲೊಂದು ಟಿಪ್ಪಣಿಗಳೊಡನೆ ಕನ್ನಡಕ್ಕೆ ತರಲಿ. ಟಿಪ್ಪಣಿ ಬರೆಯುವವರು ಮೊದಲು ಐರಣಿಗೆ ಹೋಗಿ ಆ ಕೋಟೆಯನ್ನು ನೋಡಿ ಬರಲಿ.