ಸ್ವಿಫ್ಟ್‌ಏರ್ 235: ಯೋಚನೆಗೊಂದು ಪರೀಕ್ಷೆ

ಅಮೆರಿಕದ ಕಾಲೇಜು ಶಿಕ್ಷಣ ಹಳ್ಳ ಹಿಡಿದಿದೆ ಎನ್ನುವವರು ತಪ್ಪದೆ ಎತ್ತುವ ಅಂಕಿ ಶೇ. 45. ಅಷ್ಟು ಮಂದಿ ವಿದ್ಯಾರ್ಥಿಗಳು ಮೊದಲೆರಡು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಕಲಿಯುವುದಿಲ್ಲವಂತೆ. ರಿಚರ್ಡ್ ಅರಮ್ ಮತ್ತು ಜೋಸಿಪಾ ರೋಕ್ಸಾ 2011ರಲ್ಲಿ ತಂದ ‘ಅಕಾಡೆಮಿಕಲಿ ಅಡ್ರಿಫ್ಟ್’ ಪುಸ್ತಕದ ಮಾತಿದು. ಅದು ನಿಂತಿರುವುದು ಕಲೀಜಿಯೇಟ್ ಲರ್ನಿಂಗ್ ಅಸೆಸ್‌ಮೆಂಟ್, ಅಂದರೆ ಸಿಎಲ್‌ಎ ಪರೀಕ್ಷೆಯ ಮೇಲೆ. ಕೊಟ್ಟ ಉತ್ತರಗಳಿಗೆ ಟಿಕ್ ಹಾಕಿಸದೆ ಯೋಚನೆಯನ್ನೇ ಅಳೆಯುತ್ತದೆಂಬ ಕೀರ್ತಿ ಆಗ ಅದಕ್ಕಿತ್ತು. ಅದರ ಯೋಗ್ಯತೆಗೆ ಈ ಕೀರ್ತಿ ಹೆಚ್ಚಾಯಿತು.

ಎಲ್ಲರೂ ಕೊಂಡಾಡುವ ಮಾದರಿ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನೀವು ಡೈನಾಟೆಕ್ ಕಂಪನಿಯ ಅಧ್ಯಕ್ಷರ ಸಹಾಯಕರು. ಮಾರಾಟ ವಿಭಾಗದ ಸ್ಯಾಲಿ ಇವಾನ್ಸ್ ಸ್ವಿಫ್ಟ್‌ಏರ್ 235 ಎಂಬ ಪುಟ್ಟ ವಿಮಾನ ಕೊಳ್ಳೋಣ ಎನ್ನುತ್ತಾಳೆ. ಅಷ್ಟರಲ್ಲಿ ಅದೇ ಮಾದರಿಯ ವಿಮಾನವೊಂದು ಬೀಳುತ್ತದೆ. ಪತ್ರಿಕಾ ವರದಿ, ಸರ್ಕಾರಿ ಅಪಘಾತ ವರದಿ, ಇಮೇಲ್, ಚಾರ್ಟು, ಚಿತ್ರ ಎಲ್ಲ ನಿಮ್ಮ ಮುಂದಿವೆ. 90 ನಿಮಿಷದಲ್ಲಿ ಉತ್ತರ ಬರೆಯಬೇಕು: ರೆಕ್ಕೆಯ ವಿನ್ಯಾಸವೇ ಕಾರಣ ಎಂಬ ವಾದವನ್ನು ದಾಖಲೆಗಳು ಒಪ್ಪುತ್ತವೆಯೇ? ಅಪಘಾತಕ್ಕೆ ಬೇರೆ ಏನು ಕಾರಣ ಇದ್ದೀತು? ವಿಮಾನ ಕೊಳ್ಳಬಹುದೇ?

ಎರಡನೆಯ ಪ್ರಶ್ನೆ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಅಪಘಾತ ಕಂಡು ಬೆಚ್ಚದೆ ‘ಬೇರೆ ಕಾರಣ ಇರಬಹುದಲ್ಲ’ ಎಂದು ತನಗೆ ತಾನೇ ಅನುಮಾನಪಡುವುದು ಈ ಕೆಲಸದ ಅತಿ ಕಷ್ಟದ ಹೆಜ್ಜೆ. ಆ ಹೆಜ್ಜೆಯನ್ನು ಪರೀಕ್ಷಕರೇ ಇಟ್ಟುಬಿಟ್ಟಿದ್ದಾರೆ. ವಿದ್ಯಾರ್ಥಿಗೆ ಉಳಿಯುವುದು ಪಟ್ಟಿ ಮಾಡುವ ಕೆಲಸ. ದಾಖಲೆಗಳ ಪಾಡೂ ಇದೇ. ಮೇಜಿನ ಮೇಲೆ ಆಕಸ್ಮಿಕವಾಗಿ ಬಂದ ಕಾಗದ ಒಂದೂ ಇಲ್ಲ. ಪ್ರತಿಯೊಂದನ್ನೂ ಯಾವುದೋ ಉದ್ದೇಶಕ್ಕೆ ಇಟ್ಟಿದ್ದಾರೆ. ಚುರುಕಾದ ಹುಡುಗಿಗೆ ಇದು ಕೂಡಲೇ ಹೊಳೆಯುತ್ತದೆ. ಆಮೇಲೆ ಅವಳು ವಿಮಾನದ ಬಗ್ಗೆ ಯೋಚಿಸುವುದಿಲ್ಲ, ಪ್ರಶ್ನೆಪತ್ರಿಕೆ ತೆಗೆದವರ ಬಗ್ಗೆ ಯೋಚಿಸುತ್ತಾಳೆ: ಈ ಚಾರ್ಟನ್ನು ಇಲ್ಲಿ ಯಾಕೆ ಇಟ್ಟರು, ನಾನು ಎಲ್ಲಿ ಎಡವಲಿ ಎಂದು ಕಾಯುತ್ತಿದ್ದಾರೆ? ಇದೂ ಜಾಣತನವೇ, ಆದರೆ ಗೈಡು ಓದಿ ಬರುವ ಜಾಣತನ. ಇನ್ನೊಬ್ಬ ಪೈಲಟ್‌ನನ್ನು ಕೇಳೋಣ, ಇಂಥ ವಿಮಾನಗಳು ಒಟ್ಟು ಎಷ್ಟು ಹಾರುತ್ತಿವೆ ಎಂದು ತಿಳಿದುಕೊಳ್ಳೋಣ ಎಂದರೆ ಅದಕ್ಕೆ ದಾರಿಯಿಲ್ಲ. ಕಂಪನಿಗೆ ಸ್ವಂತ ವಿಮಾನ ಯಾಕೆ ಬೇಕು ಎಂಬ ಮೊದಲ ಪ್ರಶ್ನೆಯನ್ನಂತೂ ಯಾರೂ ಕೇಳಿಲ್ಲ. ಹಾಗಿದ್ದರೂ ಟಿಕ್ ಹಾಕಿಸುವುದಕ್ಕಿಂತ ಪುಟಗಟ್ಟಲೆ ಬರೆಸುವುದು ಮೇಲು, ಒಪ್ಪೋಣ.

ಈ ಪರೀಕ್ಷೆಯ ಟೀಕಾಕಾರರಲ್ಲಿ ಹಲವರೂ ಪ್ರಶ್ನೆಪತ್ರಿಕೆಯನ್ನು ಬಿಟ್ಟು ಬೇರೆಲ್ಲವನ್ನೂ ಓದಿದಂತಿದೆ. ಉನ್ನತ ಶಿಕ್ಷಣದ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್ ಎತ್ತಿದ ಆಕ್ಷೇಪ ಸರಿಯಾದದ್ದೇ: ಒಬ್ಬ ವಿದ್ಯಾರ್ಥಿಯ ಪ್ರಗತಿ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ ಎಂದ ಮಾತ್ರಕ್ಕೆ ಅವನು ಕಲಿತೇ ಇಲ್ಲ ಎನ್ನಲಾಗದು. ಸಿಎಲ್‌ಎ ಹುಟ್ಟಿದ್ದೂ ಕಾಲೇಜುಗಳನ್ನು ಅಳೆಯಲು, ಒಬ್ಬೊಬ್ಬರನ್ನು ಅಳೆಯಲು ಅಲ್ಲ. ಆದರೆ ಅಲ್ಲಿಂದಾಚೆ ಜಗಳ ಬಹುಪಾಲು ಆ ಶೇ. 45ರ ಸುತ್ತಲೇ ಗಿರಕಿ ಹೊಡೆಯಿತು. ಅಳತೆಗೋಲಿನಲ್ಲಿ ತಪ್ಪು ಹುಡುಕಿದವರಲ್ಲಿ ಹೆಚ್ಚಿನವರು ಅದು ಅಳೆದದ್ದು ಏನನ್ನು ಎಂದು ಕೇಳಲಿಲ್ಲ. ಅಂಕಿಯನ್ನು ಸಮರ್ಥಿಸಿಕೊಂಡವರಿಗೆ ಹಾಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ತೊಡಕೂ ಇತ್ತು: ಪದವಿಯ ಲೆಕ್ಕಕ್ಕೆ ಬಾರದ ಪರೀಕ್ಷೆಯನ್ನು ವಿದ್ಯಾರ್ಥಿ ಮನಸ್ಸಿಟ್ಟು ಯಾಕೆ ಬರೆಯಬೇಕು? 2012ರಲ್ಲಿ ಪರೀಕ್ಷೆಗಳನ್ನು ರೂಪಿಸುವ ಇಟಿಎಸ್ ಸಂಸ್ಥೆಯ ಸಂಶೋಧಕರು ಕಾಲೇಜು ಕಲಿಕೆಯನ್ನು ಅಳೆಯುವ ಇನ್ನೊಂದು ಪರೀಕ್ಷೆಯನ್ನು ಕೈಗೆತ್ತಿಕೊಂಡು, ಅಂಕಗಳು ಅಧ್ಯಾಪಕರಿಗೂ ಮುಂದೆ ಕೆಲಸ ಕೊಡುವವರಿಗೂ ತಲುಪಬಹುದು ಎಂದು ಕೆಲವರಿಗೆ ಹೇಳಿದರು. ಅವರ ಅಂಕ ಏರಿತು. ಅದರ ಮರುವರ್ಷ ಸಿಎಲ್‌ಎ ಕೂಡ ‘ಸಿಎಲ್‌ಎ ಪ್ಲಸ್’ ಆಗಿ, ಒಬ್ಬೊಬ್ಬರ ಕೈಗೂ ಅಂಕ ಕೊಡತೊಡಗಿತು. ಉತ್ತರ ಬರೆಯುವ ಅವಧಿ 60 ನಿಮಿಷಕ್ಕೆ ಇಳಿಯಿತು. ಜೊತೆಗೆ ಬಂದವು 25 ಪ್ರಶ್ನೆಗಳು, ಉತ್ತರ ಆರಿಸಿ ಟಿಕ್ ಹಾಕುವಂಥವು.