ಸೋಂಕನ್ನು ಎದುರಿಸುವ ಟೈಟಾನಿಯಂ

ಸವೆದ ಸೊಂಟದ ಕೀಲಿನ ಜಾಗದಲ್ಲಿ, ಹಲ್ಲಿನ ಬೇರಿನ ಎಡೆಯಲ್ಲಿ ಶಸ್ತ್ರವೈದ್ಯರು ಕೂರಿಸುವ ಲೋಹಗಳಲ್ಲಿ ಟೈಟಾನಿಯಂಗೆ ವಿಶೇಷ ಸ್ಥಾನವಿದೆ. ಗಾಳಿ ಸೋಕಿದೊಡನೆ ಅದರ ಮೇಲೆ ಮೂಡುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವು ತುಕ್ಕನ್ನು ತಡೆಯುವುದಲ್ಲದೆ, ಮೂಳೆಯು ಲೋಹಕ್ಕೆ ನೇರವಾಗಿ ಬೆಸೆದು ಬೆಳೆಯಲು ನೆರವಾಗುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಗುರುತಿಸಿದ ಈ ಬೆಸುಗೆಯೇ ಆಧುನಿಕ ದಂತ ಕಸಿಗೆ ತಳಹದಿ.

ಆದರೆ ಜೀವಕೋಶಗಳಿಗೆ ಒಗ್ಗುವ ಮೇಲ್ಮೈ ಬ್ಯಾಕ್ಟೀರಿಯಾಗಳಿಗೂ ಒಗ್ಗುತ್ತದೆ. ಅವು ಮೊದಲು ನೆಲೆಯೂರಿ, ತಾವೇ ಸ್ರವಿಸಿದ ಲೋಳೆಯ ಹೊದಿಕೆಯಾದ ಬಯೋಫಿಲ್ಮ್‌ನೊಳಗೆ ಅಡಗಿದರೆ ಆ್ಯಂಟಿಬಯೋಟಿಕ್ ಔಷಧಗಳು ಬಹುಮಟ್ಟಿಗೆ ಸೋಲುತ್ತವೆ, ಹಲವೊಮ್ಮೆ ಇಡೀ ಕಸಿಯನ್ನೇ ಹೊರತೆಗೆಯಬೇಕಾಗುತ್ತದೆ.

ಇದನ್ನು ತಡೆಯಲು ಕಸಿಯ ಮೇಲೆ ಬಳಿಯುವ ಬ್ಯಾಕ್ಟೀರಿಯಾನಾಶಕ ಲೇಪಗಳು ಸವೆಯಬಹುದು, ಸುಲಿಯಬಹುದು. ಆದ್ದರಿಂದ ರಕ್ಷಣೆಯನ್ನು ಲೋಹದ ಒಡಲಲ್ಲೇ ಬೆರೆಸುವ ಮಿಶ್ರಲೋಹ ತಜ್ಞರ ಯೋಚನೆ ನಿಜಕ್ಕೂ ಸೊಗಸಾದದ್ದು. ಅವರು ಆರಿಸಿದ ತಾಮ್ರವು ಬ್ಯಾಕ್ಟೀರಿಯಾಗಳ ಕೋಶಪೊರೆಯನ್ನು ಭೇದಿಸುತ್ತದೆ, ಆದರೆ ಮಿತಿಮೀರಿದರೆ ರೋಗಿಯ ಜೀವಕೋಶಗಳಿಗೂ ವಿಷವಾಗುತ್ತದೆ. ಕುಶಲತೆಯೆಲ್ಲ ಇರುವುದು ಈ ಹದದಲ್ಲೇ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಅಮಿತ್ ಬಂದ್ಯೋಪಾಧ್ಯಾಯ, ಸುಸ್ಮಿತಾ ಬೋಸ್ ಮತ್ತು ಸಂಗಡಿಗರು 3ಡಿ ಮುದ್ರಣದಿಂದ ರೂಪಿಸಿ, 2023ರಲ್ಲಿ ಪ್ರಕಟಿಸಿದ ಮಿಶ್ರಲೋಹದಲ್ಲಿ ಶೇ. 3ರಷ್ಟು ತಾಮ್ರದ ಜೊತೆಗೆ ಶೇ. 10ರಷ್ಟು ಟ್ಯಾಂಟಲಂ ಎಂಬ ಲೋಹವಿದೆ. ಒಂದು ಸೋಂಕುಕಾರಕಗಳನ್ನು ಕೊಲ್ಲುವಾಗ ಇನ್ನೊಂದು ಮೂಳೆಯ ಕೋಶಗಳನ್ನು ಬರಮಾಡಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದು ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಶೇ. 87ರಷ್ಟನ್ನು ನಾಶಮಾಡಿತು, ಅಂಗಾಂಶಕ್ಕೆ ಹಾನಿಯಾಗದಂತೆ ಈ ಪ್ರಮಾಣವನ್ನು ಶೇ. 99ರಾಚೆಗೆ ಏರಿಸುವುದು ಅವರ ಮುಂದಿನ ಗುರಿ.